ಕಾಣದ ಚಿತ್ರವೂ ಕಾಣುವ ಚಿತ್ರವೂ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ವಿಷಯವನ್ನು ಸೂಚಿಸಿದವರು ವಾಚನಾಲಯಕ್ಕೆ ಬರುವ ತರುಣರು. ಟಿ.ವಿ. ಕಾರ್ಯಕ್ರಮಗಳ ನಡುವೆ ಕಣ್ಣಿಗೆ ಸಿಗದಷ್ಟು ಬೇಗ ಒಂದು ಚಿತ್ರವನ್ನೋ ಮಾತನ್ನೋ ತೂರಿಸಿ, ನೋಡುವವರ ಮನಸ್ಸನ್ನು ತಮಗೆ ಬೇಕಾದ ಕಡೆ ತಿರುಗಿಸುತ್ತಾರಂತೆ, ಇದು ನಿಜವೇ ಎಂಬುದು ಅವರ ಪ್ರಶ್ನೆ. ದಿನವಿಡೀ ದುಡಿದು ಬಂದು ರಾತ್ರಿ ಒಂದು ಗಳಿಗೆ ಟಿ.ವಿ. ಮುಂದೆ ಕೂಡುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ತನ್ನ ಬುದ್ಧಿ ತನ್ನ ಕೈಯಲ್ಲಿದೆಯೇ ಎಂದು ತಿಳಿಯುವ ಹಕ್ಕು ಎಲ್ಲರಿಗೂ ಉಂಟು.

ಮೊದಲು ಯಂತ್ರದ ಮಾತು. ಚಲಿಸುವ ಚಿತ್ರವೆಂಬುದು ನಿಂತ ಚಿತ್ರಗಳ ಒಂದು ಸಾಲು. ಸಿನೆಮಾದಲ್ಲಿ ಸೆಕೆಂಡಿಗೆ 24, ನಮ್ಮ ದೇಶದ ಟಿ.ವಿ. ಪ್ರಸಾರದಲ್ಲಿ 25 ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದಕ್ಕೂ ಫ್ರೇಮು ಎಂದು ಹೆಸರು. ಒಂದು ಫ್ರೇಮನ್ನು ತೆಗೆದು ಬೇರೆ ಚಿತ್ರವನ್ನಿಟ್ಟರೆ, ಅದು ಸೆಕೆಂಡಿನ 25ರಲ್ಲೊಂದು ಪಾಲು ಮಾತ್ರ ತೆರೆಯ ಮೇಲಿರುತ್ತದೆ. ಏನೋ ಮಿಂಚಿದಂತಾಯಿತು ಎನಿಸೀತು, ಅಷ್ಟೆ. ಹಾಗೆ ಸೇರಿಸುವುದು ಸುಲಭವೇ ಸರಿ. ಅದು ಮನುಷ್ಯನ ಮನಸ್ಸನ್ನು ಆಳಬಲ್ಲುದೇ ಎಂಬುದು ಬೇರೆ ಮಾತು.

ಈ ಭಯ ಲೋಕಕ್ಕೆಲ್ಲ ಹಬ್ಬಿದ್ದು 1957ರಲ್ಲಿ. ಅಮೆರಿಕದ ಜೇಮ್ಸ್ ವೈಕರಿ ಎಂಬಾತ ಮಾರುಕಟ್ಟೆ ಸಂಶೋಧಕ. ಆ ವರ್ಷದ ಸೆಪ್ಟೆಂಬರಿನಲ್ಲಿ ಆತ ಪತ್ರಕರ್ತರನ್ನು ಕರೆಸಿ ಒಂದು ಸೋಜಿಗದ ಸುದ್ದಿ ಹೇಳಿದ. ನ್ಯೂ ಜೆರ್ಸಿ ರಾಜ್ಯದ ಫೋರ್ಟ್ ಲೀ ಊರಿನ ಚಿತ್ರಮಂದಿರದಲ್ಲಿ, ಆರು ವಾರಗಳ ಕಾಲ, 45,699 ಮಂದಿ ಪ್ರೇಕ್ಷಕರ ಮೇಲೆ ಪ್ರಯೋಗ ನಡೆಯಿತಂತೆ. ಐದು ಸೆಕೆಂಡಿಗೊಮ್ಮೆ, ಸೆಕೆಂಡಿನ 3,000ದಲ್ಲೊಂದು ಪಾಲು ಹೊತ್ತು, ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾ ಕೋಲಾ ಕುಡಿಯಿರಿ’ ಎಂಬ ಮಾತುಗಳನ್ನು ತೆರೆಯ ಮೇಲೆ ಹಾಯಿಸಿದರಂತೆ. ಯಾರಿಗೂ ಕಾಣಲಿಲ್ಲ. ಆದರೂ ಪಾಪ್‌ಕಾರ್ನ್ ಮಾರಾಟ ನೂರಕ್ಕೆ 57ಕ್ಕೂ ಮಿಕ್ಕಿ, ಕೋಕಾ ಕೋಲಾ ನೂರಕ್ಕೆ 18ರಷ್ಟು ಏರಿತಂತೆ. ಪತ್ರಿಕೆಗಳು ಹೌಹಾರಿದವು. ಇಂದು ಪಾಪ್‌ಕಾರ್ನ್, ನಾಳೆ ವೋಟು ಎಂದು ಜನ ಅಂಜಿದರು.

ಇದನ್ನು ಪರೀಕ್ಷಿಸಲು ಮುಂದಾದವರಲ್ಲಿ ಕೆನಡಾ ದೇಶದ ಪ್ರಸಾರ ಸಂಸ್ಥೆಯೂ ಒಂದು. 1958ರಲ್ಲಿ ಅದು ತನ್ನ ಒಂದು ಟಿ.ವಿ. ಕಾರ್ಯಕ್ರಮದಲ್ಲಿ, ಈ ದಿನ ಒಂದು ಗುಪ್ತ ಸಂದೇಶವಿದೆ ಎಂದಷ್ಟೇ ತಿಳಿಸಿ, ‘ಈಗಲೇ ಟೆಲಿಫೋನ್ ಮಾಡಿ’ ಎಂಬ ಮಾತನ್ನು 352 ಸಲ ಮಿಂಚಿಸಿತು. ಟೆಲಿಫೋನ್ ಕರೆಗಳು ಹೆಚ್ಚಲಿಲ್ಲ. ಆದರೆ ಸಂದೇಶವೇನಿರಬಹುದೆಂದು ಊಹಿಸಿ ನೂರಾರು ಪತ್ರಗಳು ಬಂದವು. ತಮಗೆ ಹಸಿವಾಯಿತು, ಬಾಯಾರಿತು ಎಂದು ಬರೆದವರೇ ಬಹಳ! ವೈಕರಿಯ ಪಾಪ್‌ಕಾರ್ನ್ ಕಥೆಯನ್ನು ಅವರು ಪತ್ರಿಕೆಯಲ್ಲಿ ಓದಿದ್ದಿರಬೇಕು. ಕಾಣದ ಅಕ್ಷರ ಮಾಡದ ಕೆಲಸವನ್ನು ಕಂಡ ಅಕ್ಷರ ಮಾಡಿತ್ತು.

1962ರಲ್ಲಿ ವೈಕರಿಯೇ ಬಾಯಿಬಿಟ್ಟ. ತನ್ನ ಬಳಿ ಇದ್ದ ಅಂಕಿಗಳು ಅರ್ಥವಿಲ್ಲದಷ್ಟು ಅಲ್ಪವೆಂದು ಜಾಹೀರಾತಿನವರದೇ ಪತ್ರಿಕೆಯೊಂದಕ್ಕೆ ಹೇಳಿದ. ಆತನ ಆಗಿನ ಉದ್ದೇಶ ಈ ಉಪಾಯವನ್ನು ಜಾಹೀರಾತುದಾರರಿಗೆ ಮಾರುವುದಾಗಿತ್ತು. ಕಥೆ ಮಾತ್ರ ಸಾಯಲಿಲ್ಲ. ಅದು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ.

ಹಾಗಾದರೆ ಯಾರೂ ಹೀಗೆ ಮಾಡಲಿಲ್ಲವೇ? ಮಾಡಿದ್ದುಂಟು. 1973ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಮಕ್ಕಳ ಆಟಿಕೆಯ ಜಾಹೀರಾತೊಂದರಲ್ಲಿ ‘ಇದನ್ನು ತೆಗೆದುಕೊಳ್ಳಿ’ ಎಂಬ ಮಾತು ಅಡಗಿದ್ದುದು ಸಿಕ್ಕಿಬಿತ್ತು. ಮರುವರ್ಷ ಅಲ್ಲಿಯ ಸರ್ಕಾರಿ ಪ್ರಸಾರ ಆಯೋಗವು ಇಂಥ ವಿದ್ಯೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಸಾರಿತು. ಅದು ಸರಿಯೇ. ಮೋಸ ಫಲಿಸದಿದ್ದರೂ ಮೋಸವೇ ತಾನೆ?

ವಿಜ್ಞಾನಿಗಳ ಮಾತನ್ನೂ ಪೂರ್ತಿ ಹೇಳಬೇಕು. 2006ರಲ್ಲಿ ಡಚ್ ಸಂಶೋಧಕರು ಪ್ರಯೋಗಶಾಲೆಯಲ್ಲಿ ಒಂದು ಪಾನೀಯದ ಹೆಸರನ್ನು ಕಾಣದಂತೆ ಮಿಂಚಿಸಿದರು. ಮೊದಲೇ ಬಾಯಾರಿದ್ದವರು ಅದನ್ನು ಆರಿಸುವುದು ಸ್ವಲ್ಪ ಹೆಚ್ಚಿತು. ಬಾಯಾರದವರ ಮೇಲೆ ಪರಿಣಾಮ ಕಾಣಲಿಲ್ಲ. ಇರುವ ಬಯಕೆಯನ್ನು ಕೊಂಚ ತಳ್ಳಬಹುದು, ಇಲ್ಲದ ಬಯಕೆಯನ್ನು ಹುಟ್ಟಿಸಲಾಗದು ಎಂದು ಇದರಿಂದ ತಿಳಿಯಬಹುದು. 1991ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಗುಪ್ತ ಧ್ವನಿಯ ಕ್ಯಾಸೆಟ್ಟುಗಳನ್ನು ಕುರಿತದ್ದು. ಜ್ಞಾಪಕಶಕ್ತಿಯದೊಂದು, ಆತ್ಮವಿಶ್ವಾಸದ್ದೊಂದು. ಸಂಶೋಧಕರು ಕೆಲವಕ್ಕೆ ಹೆಸರಿನ ಚೀಟಿಯನ್ನು ಅದಲುಬದಲು ಮಾಡಿ ಹಂಚಿದರು. ಕೆಲವು ವಾರ ಕೇಳಿದ ಮೇಲೆ ಅಳೆದು ನೋಡಿದರೆ ಹೇಳಿಕೊಂಡ ಲಾಭವೇನೂ ಆಗಿರಲಿಲ್ಲ. ಆದರೆ ಚೀಟಿಯಲ್ಲಿ ಬರೆದಿದ್ದ ಗುಣ ತಮ್ಮಲ್ಲಿ ಬೆಳೆದಿದೆಯೆಂದು ಅನೇಕರು ನಂಬಿದ್ದರು. ನಿದ್ದೆಯಲ್ಲೇ ಬುದ್ಧಿ ಬೆಳೆಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಈ ಚೀಟಿಯ ಕಥೆಯನ್ನು ನೆನೆಯಿರಿ. ಇಂಗ್ಲಿಷನ್ನೋ ಲೆಕ್ಕವನ್ನೋ ಕಲಿಯಬೇಕಾದರೆ ಎಚ್ಚರವಾಗಿ ಕೂತೇ ಕಲಿಯಬೇಕು.

ಈಗ ನಮ್ಮ ಟಿ.ವಿ.ಯ ಕಡೆ ನೋಡೋಣ. ನಮ್ಮಲ್ಲಿ ಹೆಂಡಕ್ಕೂ ತಂಬಾಕಿಗೂ ಟಿ.ವಿ. ಜಾಹೀರಾತು ಕೂಡದೆಂದು ನಿಯಮವಿದೆ. ಆದರೂ ಅದೇ ಹೆಸರು ಸೋಡಾದ ಮೇಲೋ ಏಲಕ್ಕಿಯ ಪೊಟ್ಟಣದ ಮೇಲೋ ರಾಜಾರೋಷವಾಗಿ ಬಂದಿರುವುದನ್ನು ಎಲ್ಲರೂ ಕಂಡಿದ್ದೇವೆ. ಒಂದೇ ಹೆಸರು ಟಿ.ವಿ.ಯಲ್ಲಿ, ಬಸ್ಸಿನ ಬೆನ್ನಮೇಲೆ, ಸ್ಟೇಷನ್ನಿನ ಗೋಡೆಯ ಮೇಲೆ ನೂರು ಸಲ ಕಂಡರೆ ಅದು ಪರಿಚಿತರ ಹೆಸರಿನಂತಾಗುತ್ತದೆ. ಪರಿಚಯವನ್ನು ನಂಬಿಕೆಯೆಂದು ಭ್ರಮಿಸುವುದು ಮನುಷ್ಯಸ್ವಭಾವ. ಹಾಡಹಗಲೇ ನಡೆಯುವ ಈ ವ್ಯಾಪಾರಕ್ಕೆ ಗುಪ್ತ ಫ್ರೇಮಿನ ಹಂಗೇ ಇಲ್ಲ.

ನಿಜವಾಗಿ ನಮ್ಮ ಕಣ್ಣು ತಪ್ಪಿಸಿ ಓಡುವ ಅಕ್ಷರಗಳೂ ಟಿ.ವಿ.ಯಲ್ಲಿವೆ. ಸಾಲದ ಜಾಹೀರಾತು ಬಂದಾಗ ತೆರೆಯ ಕೆಳಗಂಚನ್ನು ನೋಡಿ. ‘ಕೂಡಲೇ ಹಣ’ ಎಂಬುದು ದೊಡ್ಡಕ್ಷರದಲ್ಲಿ ನಿಂತಿರುತ್ತದೆ. ಷರತ್ತುಗಳು ಅನ್ವಯಿಸುತ್ತವೆ ಎಂಬುದು ಇರುವೆಸಾಲಿನಂತೆ ಬಂದು ಮಾಯವಾಗುತ್ತದೆ. ಹೂಡಿಕೆಯ ಅಪಾಯದ ಎಚ್ಚರಿಕೆಯನ್ನು ಉಸಿರು ಬಿಡದೆ ಓದಿ ಮುಗಿಸುತ್ತಾರೆ. ನಮ್ಮನ್ನು ಕೊಳ್ಳುವಂತೆ ಮಾಡುವ ಮಾತನ್ನು ಯಾರೂ ಬಚ್ಚಿಡುವುದಿಲ್ಲ. ಕೊಳ್ಳುವ ಮುನ್ನ ನಮ್ಮನ್ನು ತಡೆಯಬಲ್ಲ ಮಾತನ್ನೇ ಅವಸರದಿಂದ ಓಡಿಸುತ್ತಾರೆ.

ಆದಕಾರಣ ಮಿತ್ರರೇ, ಕಾಣದ ಚಿತ್ರಕ್ಕೆ ಅಂಜಬೇಡಿ, ಕಾಣುವುದನ್ನು ಪೂರ್ತಿ ಓದಿ. ಸಾಲದ ಕಾಗದಕ್ಕಾಗಲಿ ಕಂತಿನ ಕಾಗದಕ್ಕಾಗಲಿ ಸಹಿ ಹಾಕುವ ಮೊದಲು ಅದನ್ನು ಈ ಮೇಜಿಗೆ ತನ್ನಿ. ಇಂಗ್ಲಿಷ್ ಬಲ್ಲವರು, ಬಡ್ಡಿಯ ಲೆಕ್ಕ ಬಲ್ಲ ಗುಮಾಸ್ತರು ನಮ್ಮಲ್ಲಿದ್ದಾರೆ. ಇಬ್ಬರು ಕೂತು ಓದಿದರೆ ಅರ್ಧಗಂಟೆಯ ಕೆಲಸ. ಊರಿಗೆ ಕಳಿಸಬೇಕಾದ ಹಣ ಬಡ್ಡಿಗೆ ಹೋಗದಂತೆ ಉಳಿಸಲು ಆ ಅರ್ಧಗಂಟೆ ಸಾಕಾದೀತು.