ಕಿವಿಯೊಳಗಿನ ಪುಟ್ಟ ಮಿಷನ್

(ಸಕಲೇಶಪುರ–ಆಲೂರು ಕಡೆಯ ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)

ಇವತ್ತು ಕಿವಿಯ ವಿಷಯ ಮಾತಾಡೋಣ. ಕಣ್ಣು ಮಂಜಾದರೆ ಕನ್ನಡಕ ಹಾಕುತ್ತೇವೆ. ಯಾರೂ ನಗುವುದಿಲ್ಲ. ಕಿವಿ ಮಂದವಾದರೆ ಏನು ಮಾಡುತ್ತೇವೆ? ಯಾರಿಗೂ ಹೇಳುವುದಿಲ್ಲ. ಕೇಳಿಸದಿದ್ದರೂ ಕೇಳಿಸಿದ ಹಾಗೆ ತಲೆ ಆಡಿಸುತ್ತೇವೆ. ಎಲ್ಲಿ "ಕೆಪ್ಪಿ" ಅಂದುಬಿಡ್ತಾರೋ ಎಂಬ ಭಯ.

ಮನೆಯವರು ಒಂದು ಸಲ ಹೇಳ್ತಾರೆ. ಎರಡು ಸಲ ಹೇಳ್ತಾರೆ. ಮೂರನೇ ಸಲ "ಹೋಗ್ಲಿ ಬಿಡು" ಅಂತಾರೆ. ಆ ಮಾತು ಮಾತ್ರ ಹೇಗೋ ಕೇಳಿಸಿಬಿಡುತ್ತದೆ. ಮನಸ್ಸಿಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಆಮೇಲೆ ಮಾತೇ ಕಡಿಮೆಯಾಗುತ್ತದೆ. ಮದುವೆ, ಜಾತ್ರೆ, ಸಂಘದ ಸಭೆ ಎಲ್ಲವೂ ಬೇಡವಾಗುತ್ತದೆ.

ನಮ್ಮ ಕಡೆ ಇದು ಬರೀ ಮನಸ್ಸಿನ ವಿಷಯ ಅಲ್ಲ. ಜೀವದ ವಿಷಯವೂ ಹೌದು. ಹೆತ್ತೂರು, ಯಸಳೂರು, ಬೆಳಗೋಡು, ಪಾಳ್ಯ, ಕೆಂಚಮ್ಮನ ಹೊಸಕೋಟೆ, ಎಲ್ಲಿ ನೋಡಿದರೂ ಆನೆಯ ಭಯ. ಬೆಳಿಗ್ಗೆ ಮಂಜಿನಲ್ಲಿ ಕಾಫಿ ತೋಟಕ್ಕೆ ಹೋಗುತ್ತೇವೆ. ಗಿಡದ ಸಾಲಿನಲ್ಲಿ ಕಣ್ಣಿಗೆ ಹತ್ತು ಮಾರು ದೂರ ಕಾಣುವುದಿಲ್ಲ. ಅಲ್ಲಿ ನಮ್ಮನ್ನು ಕಾಯುವುದು ಕಿವಿ. ಕೊಂಬೆ ಮುರಿದ ಸದ್ದು ಕೇಳಬೇಕು. ಜೊತೆಯವರು "ಆನೆ, ಓಡ್ರೇ" ಎಂದು ಕೂಗಿದ್ದು ಕೇಳಬೇಕು. ಅರಣ್ಯ ಇಲಾಖೆಯವರು ಮೈಕಿನಲ್ಲಿ ಹೇಳಿದ್ದು ಕೇಳಬೇಕು. ರಸ್ತೆ ದಾಟುವಾಗ ಹಿಂದಿನಿಂದ ಬರುವ ಲಾರಿಯ ಹಾರನ್ ಕೇಳಬೇಕು.

ಆದ್ದರಿಂದ ಕಿವಿ ಮಂದವಾದರೆ ನಾಚಿಕೆ ಬೇಡ. ಸುಮ್ಮನೆ ಕೂರುವುದೂ ಬೇಡ. ಇದು ನಮಗೊಬ್ಬರಿಗೇ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ವರದಿ ಕೊಟ್ಟಿತು. ಲೋಕದಲ್ಲಿ ಐದು ಜನರಲ್ಲಿ ಒಬ್ಬರಿಗೆ ಹೆಚ್ಚೋ ಕಡಿಮೆಯೋ ಕಿವಿಯ ತೊಂದರೆ ಇದೆ ಎಂದು ಅದರಲ್ಲಿ ಹೇಳಿದೆ. ಈ ಸಭೆಯಲ್ಲೇ ಎಣಿಸಿ ನೋಡಿ. ಎಷ್ಟು ಜನ ಆದರು?

ಕಿವಿ ಏಕೆ ಮಂದವಾಗುತ್ತದೆ?

ವಯಸ್ಸಾದಂತೆ ಕಿವಿ ಮಂದವಾಗುವುದುಂಟು. ಕಿವಿ ಸೋರಿ ಸೋರಿ ತಮಟೆ ತೂತಾಗುವುದುಂಟು. ದೊಡ್ಡ ಸದ್ದಿನಿಂದಲೂ ಆಗುತ್ತದೆ. ಕಾಫಿ ಪಲ್ಪರ್, ಅಕ್ಕಿ ಗಿರಣಿ, ಮರ ಕುಯ್ಯುವ ಮಿಷನ್, ಕಳೆ ಹೊಡೆಯುವ ಮಿಷನ್ ಇವುಗಳ ಹತ್ತಿರ ವರ್ಷಗಟ್ಟಲೆ ದುಡಿದರೆ ಒಳಗಿನ ನರಕ್ಕೆ ಪೆಟ್ಟು ಬೀಳುತ್ತದೆ. ಹಾಗೆ ಹೋದ ಕಿವಿ ಮತ್ತೆ ಬರುವುದಿಲ್ಲ. ಅಂಥ ಕೆಲಸ ಮಾಡುವವರು ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು. ರೈಟರನ್ನು ಕೇಳಿ ಪಡೆಯಿರಿ.

ಕೆಲವರಿಗೆ ಬರೀ ಗುಗ್ಗೆ ಕಟ್ಟಿಕೊಂಡು ಕೇಳಿಸುವುದಿಲ್ಲ. ಡಾಕ್ಟರು ಗುಗ್ಗೆ ತೆಗೆದರೆ ಸಾಕು, ಮಿಷನ್ನೇ ಬೇಡ. ಅದಕ್ಕೇ ಹೇಳೋದು, ಮೊದಲು ಪರೀಕ್ಷೆ, ಆಮೇಲೆ ಮಿಷನ್.

ಒಂದು ಎಚ್ಚರಿಕೆ. ನಿನ್ನೆವರೆಗೆ ಸರಿಯಿದ್ದ ಕಿವಿ ಇವತ್ತು ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ತಡ ಮಾಡಬೇಡಿ. ಆ ದಿನವೇ ಆಸ್ಪತ್ರೆಗೆ ಹೋಗಿ. ಬೇಗ ಹೋದರೆ ಉಳಿಸಿಕೊಳ್ಳಬಹುದು.

ಎಲ್ಲಿಗೆ ಹೋಗಬೇಕು?

ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆ ಇದೆ. ಆಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಮೊದಲು ಅಲ್ಲಿ ತೋರಿಸಿ. ಬೇಕಾದರೆ ಅಲ್ಲಿಂದ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಅಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು ಇರುತ್ತಾರೆ.

ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. ಕಿವಿ ಮತ್ತು ಮಾತಿನ ತೊಂದರೆಗೆ ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಾರೆ. ನಮಗೆ ಅದು ಹತ್ತಿರವೇ. ಹಾಸನದಿಂದ ಮೈಸೂರಿಗೆ ಬಸ್ಸೂ ಉಂಟು, ರೈಲೂ ಉಂಟು.

ಪರೀಕ್ಷೆ ನೋವಿಲ್ಲದ್ದು. ಸದ್ದು ಬಾರದ ಕೋಣೆಯಲ್ಲಿ ಕೂರಿಸುತ್ತಾರೆ. ಕಿವಿಗೆ ಒಂದು ಸಾಧನ ಹಾಕುತ್ತಾರೆ. ಸಣ್ಣ ಸದ್ದು, ದೊಡ್ಡ ಸದ್ದು ಬಿಡುತ್ತಾರೆ. ಕೇಳಿಸಿದಾಗ ಕೈ ಎತ್ತಬೇಕು. ಅಷ್ಟೇ. ಕೇಳಿಸದಿದ್ದರೆ ಎತ್ತಬೇಡಿ. ಇಲ್ಲಿ ಪಾಸು, ಫೇಲು ಇಲ್ಲ.

ಬಡವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಇದೆ. 1981ರಿಂದ ನಡೆಯುತ್ತಿದೆ. ಆದಾಯ ನೋಡಿ ಪೂರ್ತಿ ಉಚಿತ ಅಥವಾ ಅರ್ಧ ಬೆಲೆಗೆ ಮಿಷನ್ ಕೊಡುತ್ತಾರೆ. ಅದಕ್ಕೆ ಶೇಕಡ 40 ಅಥವಾ ಹೆಚ್ಚು ತೊಂದರೆ ಇದೆ ಎಂಬ ಪ್ರಮಾಣ ಪತ್ರ ಬೇಕು. ಆದಾಯ ಪತ್ರವೂ ಬೇಕು. ಇದರಲ್ಲಿ ಹೆಚ್ಚಾಗಿ ಸಿಗುವುದು ಕಿವಿಯ ಹಿಂದೆ ಇಡುವ ಮಿಷನ್. ಅದೂ ಒಳ್ಳೆಯದೇ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರನ್ನು ಕೇಳಿ.

ರವಿಕೆಯ ಹಾಗೆ ಅಳತೆ

ಕಿವಿಯ ಒಳಗೇ ಕೂರುವ ಪುಟ್ಟ ಮಿಷನ್ ಇನ್ನೊಂದು ಬಗೆ. ಇದನ್ನು ನಿಮ್ಮ ಕಿವಿಯ ಅಳತೆಗೇ ಮಾಡುತ್ತಾರೆ. ದರ್ಜಿ ರವಿಕೆಗೆ ಅಳತೆ ತೆಗೆಯುವುದಿಲ್ಲವೇ, ಹಾಗೆ. ಮೊದಲು ಕಿವಿಯೊಳಗೆ ಸಣ್ಣ ಹತ್ತಿಯ ತಡೆ ಇಡುತ್ತಾರೆ. ಆಮೇಲೆ ಮೆತ್ತನೆಯ ಹಿಟ್ಟಿನಂಥದ್ದು ತುಂಬುತ್ತಾರೆ. ಐದು ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ತೆಗೆದರೆ ನಿಮ್ಮ ಕಿವಿಯದೇ ಅಚ್ಚು. ಆ ಅಚ್ಚಿನಂತೆ ಮಿಷನ್ನಿನ ಚಿಪ್ಪು ಮಾಡುತ್ತಾರೆ.

ಒಬ್ಬರ ಕಿವಿಯ ಹಾಗೆ ಇನ್ನೊಬ್ಬರ ಕಿವಿ ಇರುವುದಿಲ್ಲ. ಆದ್ದರಿಂದ ಅತ್ತೆಯ ಮಿಷನ್ ಸೊಸೆಗೆ ಆಗದು. ಅಕ್ಕನದು ತಂಗಿಗೆ ಆಗದು. ಬಲಗಿವಿಯದು ಎಡಗಿವಿಗೂ ಆಗದು. ಕೆಂಪು ಗುರುತು ಇದ್ದರೆ ಬಲಗಿವಿ. ನೀಲಿ ಗುರುತು ಇದ್ದರೆ ಎಡಗಿವಿ. ಇದನ್ನು ಬಾಯಿಪಾಠ ಮಾಡಿ.

ಇದು ಎಲ್ಲರಿಗೂ ಹೊಂದುವುದಿಲ್ಲ. ಕಿವಿ ಸೋರುವವರಿಗೆ ಬೇಡ. ತೀರಾ ಕೇಳಿಸದವರಿಗೆ ಇದರ ಬಲ ಸಾಲದು. ಸಣ್ಣ ಮಕ್ಕಳಿಗೂ ಕೊಡುವುದಿಲ್ಲ. ಮಕ್ಕಳ ಕಿವಿ ಬೆಳೆಯುತ್ತಾ ಇರುತ್ತದೆ, ಅಚ್ಚು ಬೇಗ ಸಡಿಲವಾಗುತ್ತದೆ. ಎರಡು ಕಿವಿಯೂ ಮಂದವಾಗಿದ್ದರೆ ಎರಡಕ್ಕೂ ಹಾಕುವುದು ಒಳ್ಳೆಯದು. ಆಗ ಸದ್ದು ಯಾವ ಕಡೆಯಿಂದ ಬಂತು ಎಂದು ಗೊತ್ತಾಗುತ್ತದೆ. ತೋಟದಲ್ಲಿ ಇದು ಮುಖ್ಯ.

ಹಾಕುವುದು, ತೆಗೆಯುವುದು

ಕೈ ತೊಳೆದು ಒರೆಸಿಕೊಳ್ಳಿ. ಚಾಪೆ ಅಥವಾ ಹಾಸಿಗೆಯ ಮೇಲೆ ಕುಳಿತು ಹಾಕಿ. ಕೈ ಜಾರಿ ಬಿದ್ದರೂ ಒಡೆಯುವುದಿಲ್ಲ. ಬಲಗಿವಿಯಾದರೆ ಬಲಗೈಯಲ್ಲಿ ಮಿಷನ್ ಹಿಡಿಯಿರಿ. ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಮಿಷನ್ನನ್ನು ಮೆಲ್ಲಗೆ ತಿರುಗಿಸುತ್ತಾ ಒಳಗೆ ಕೂರಿಸಿ.

ತೆಗೆಯುವಾಗ ಚಿಕ್ಕ ದಾರದಂಥ ಹಿಡಿ ಇದ್ದರೆ ಅದನ್ನು ಹಿಡಿದು ಎಳೆಯಿರಿ. ಬ್ಯಾಟರಿಯ ಬಾಗಿಲು ಹಿಡಿದು ಎಳೆಯಬಾರದು. ಅದು ಮುರಿಯುತ್ತದೆ.

ಸ್ನಾನ ಮಾಡುವಾಗ, ತಲೆಗೆ ಎಣ್ಣೆ ಹಚ್ಚುವಾಗ, ಪೌಡರ್ ಹಾಕುವಾಗ, ಮಲಗುವಾಗ ಮಿಷನ್ ತೆಗೆದಿಡಿ. ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡಿಸುವಾಗಲೂ ತೆಗೆಯಿರಿ.

ಬ್ಯಾಟರಿ

ಅಕ್ಕಂದಿರೇ, ಇಲ್ಲಿ ನೀವು ಕಲಿತ ಓದು ಕೆಲಸಕ್ಕೆ ಬರುತ್ತದೆ. ಬ್ಯಾಟರಿಯ ಪೊಟ್ಟಣದ ಮೇಲೆ ಅಂಕಿ ಇರುತ್ತದೆ. 10 ಎಂದಿದ್ದರೆ ಹಳದಿ ಬಣ್ಣ. 312 ಎಂದಿದ್ದರೆ ಕಂದು ಬಣ್ಣ. 13 ಎಂದಿದ್ದರೆ ಕಿತ್ತಳೆ ಬಣ್ಣ. ನಿಮ್ಮ ಮಿಷನ್ನಿಗೆ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯವರು ಬೇರೆ ಕೊಟ್ಟರೆ ತಗೋಬೇಡಿ. ಪೊಟ್ಟಣದ ಮೇಲಿನ ವರ್ಷವನ್ನೂ ಓದಿ. ಅವಧಿ ಮುಗಿದಿದ್ದರೆ ಬೇಡ ಅನ್ನಿ.

ಈ ಬ್ಯಾಟರಿಗೆ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಚೀಟಿ ಕಿತ್ತ ಮೇಲೆ ಬ್ಯಾಟರಿ ಗಾಳಿ ಕುಡಿದು ಕೆಲಸ ಶುರು ಮಾಡುತ್ತದೆ. ಕಿತ್ತು ಒಂದು ನಿಮಿಷ ಬಿಟ್ಟು ಆಮೇಲೆ ಹಾಕಿ. ಮತ್ತೆ ಚೀಟಿ ಅಂಟಿಸಿದರೆ ಉಳಿಯುವುದಿಲ್ಲ. ಬೇಕಾದಾಗ ಮಾತ್ರ ಕೀಳಿ. ಹತ್ತರ ಬ್ಯಾಟರಿ ಒಂದು ವಾರದೊಳಗೆ ಮುಗಿಯಬಹುದು. ದೊಡ್ಡದು ಇನ್ನೂ ಕೆಲವು ದಿನ ಬರುತ್ತದೆ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದಿಡಿ. ಮಿಷನ್ ಆಫ್ ಆಗುತ್ತದೆ, ಒಳಗಿನ ತೇವವೂ ಆರುತ್ತದೆ. ಚಾರ್ಜ್ ಮಾಡುವ ಮಿಷನ್ ಆದರೆ ಅವರು ಹೇಳಿದಂತೆ ಚಾರ್ಜಿಗೆ ಇಡಿ.

ಎಲ್ಲಕ್ಕಿಂತ ಮುಖ್ಯ ಮಾತು. ಈ ಬ್ಯಾಟರಿ ಮಾತ್ರೆಯ ಹಾಗೆ ಕಾಣುತ್ತದೆ. ಮಕ್ಕಳು ನುಂಗಿದರೆ ಜೀವಕ್ಕೆ ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ಆ ಕ್ಷಣವೇ ಆಸ್ಪತ್ರೆಗೆ ಓಡಿ. ಮೂಗಿಗೆ, ಕಿವಿಗೆ ಹಾಕಿಕೊಂಡರೂ ಅಷ್ಟೇ. ಹಳೆಯ ಬ್ಯಾಟರಿಯನ್ನೂ ಅಂಗಳಕ್ಕೆ ಎಸೆಯಬೇಡಿ. ಮಾತ್ರೆಯ ಡಬ್ಬಿಯಲ್ಲಂತೂ ಇಡಲೇಬೇಡಿ.

ಗುಗ್ಗೆ ಒರೆಸುವುದು

ಮಿಷನ್ ಕೆಲಸ ಮಾಡದಿದ್ದರೆ ಅನೇಕ ಸಲ ಕೆಟ್ಟಿರುವುದಿಲ್ಲ, ಗುಗ್ಗೆ ತುಂಬಿರುತ್ತದೆ. ದಿನಾ ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿ. ರಾತ್ರಿಯೆಲ್ಲ ಒಣಗಿದ ಗುಗ್ಗೆ ಸುಲಭವಾಗಿ ಉದುರುತ್ತದೆ. ಸದ್ದು ಬರುವ ತೂತನ್ನು ಕೆಳಮುಖ ಮಾಡಿ, ಜೊತೆಗೆ ಕೊಟ್ಟ ಪುಟ್ಟ ಬ್ರಷ್ಷಿನಿಂದ ಉಜ್ಜಿ. ಆಗ ಗುಗ್ಗೆ ಕೆಳಗೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ.

ನೀರಿನಲ್ಲಿ ತೊಳೆಯಬೇಡಿ. ಸ್ಪಿರಿಟ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಪಿನ್ನು, ಸೂಜಿ ಹಾಕಿ ಕೆದಕಬೇಡಿ. ನಿಮ್ಮ ಕಿವಿಗೂ ಇದೇ ಮಾತು. ಹೇರ್‌ಪಿನ್ನು ಬೇಡ, ಕೋಳಿ ಗರಿ ಬೇಡ, ಕಾಯಿಸಿದ ಎಣ್ಣೆ ಬೇಡ.

ನಮ್ಮ ಮಳೆ, ನಮ್ಮ ಒಲೆ

ಮಲೆನಾಡಿನಲ್ಲಿ ಮಿಷನ್ನಿಗೆ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ. ಬಟ್ಟೆ ಒಣಗುವುದಿಲ್ಲ. ಮಿಷನ್ನೂ ಹಾಗೆಯೇ ತೇವ ಹಿಡಿಯುತ್ತದೆ.

ಮುಚ್ಚಳ ಬಿಗಿಯಾಗಿರುವ ಡಬ್ಬಿ ತಗೊಳ್ಳಿ. ಅದರಲ್ಲಿ ತೇವ ಹೀರುವ ಸಿಲಿಕಾ ಹರಳು ಹಾಕಿ. ಮಿಷನ್ ಕೊಡುವ ಕಡೆಯೇ ಇದು ಸಿಗುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಮಿಷನ್ ಮಾತ್ರ ಡಬ್ಬಿಯಲ್ಲಿಡಿ. ಹರಳಿನ ಬಣ್ಣ ಬದಲಾದರೆ ಅದು ತೇವ ಕುಡಿದು ತುಂಬಿದೆ ಎಂದು ಅರ್ಥ. ಹೊಸದು ಹಾಕಿ.

ಬೇಗ ಒಣಗಲಿ ಎಂದು ಒಲೆಯ ಹತ್ತಿರ ಇಡಬೇಡಿ. ಬಿಸಿಲಿಗೂ ಇಡಬೇಡಿ. ಚಿಪ್ಪು ಸೊಟ್ಟಗಾಗುತ್ತದೆ. ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುವಾಗ ಮುಖ ದೂರ ಇಡಿ. ಹಬೆ ಮಿಷನ್ನಿಗೆ ಆಗದು. ಮಳೆಯಲ್ಲಿ ತೋಟಕ್ಕೆ ಹೋಗುವಾಗ ಕಂಬಳಿ ಕೊಪ್ಪೆಯೋ ಪ್ಲಾಸ್ಟಿಕ್ ಕೊಪ್ಪೆಯೋ ಕಿವಿ ಮುಚ್ಚುವ ಹಾಗೆ ಹಾಕಿ. ಜಡಿಮಳೆ ಬಂದರೆ ತೆಗೆದು ಡಬ್ಬಿಗೆ ಹಾಕಿಕೊಳ್ಳಿ. ಆಗ ಒಬ್ಬರೇ ಇರಬೇಡಿ. ಜೊತೆಯವರ ಪಕ್ಕದಲ್ಲೇ ಕೆಲಸ ಮಾಡಿ. "ನನಗೀಗ ಕೇಳಿಸಲ್ಲ, ಏನಾದ್ರೂ ಬಂದ್ರೆ ಕೈ ಹಿಡಿದು ಎಳೀರಿ" ಎಂದು ಹೇಳಿಡಿ.

ನಾಯಿಗೂ ಎಟುಕದ ಹಾಗೆ ಇಡಿ. ಗುಗ್ಗೆಯ ವಾಸನೆಗೆ ಅದು ಕಚ್ಚಿಕೊಂಡು ಹೋಗಿ ಅಗಿದುಬಿಡುತ್ತದೆ.

"ಕುಂಯ್" ಎಂದರೆ

ಕೆಲವು ಸಲ ಮಿಷನ್ "ಕುಂಯ್" ಎಂದು ಕೂಗುತ್ತದೆ. ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಸದ್ದು ಹೆಚ್ಚಾಗಿರುತ್ತದೆ. ತೆಗೆದು ಮತ್ತೆ ಹಾಕಿ. ಸದ್ದು ಕಡಿಮೆ ಮಾಡಿ ನೋಡಿ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ಕೂಗುತ್ತದೆ. ಆಗಲೂ ನಿಲ್ಲದಿದ್ದರೆ ಮಿಷನ್ ಕೊಟ್ಟವರಿಗೆ ತೋರಿಸಿ. ಕಿವಿ ನೋವು, ಹುಣ್ಣು ಆದರೆ ಹಾಕುವುದು ನಿಲ್ಲಿಸಿ ತೋರಿಸಿ. ಸಹಿಸಿಕೊಂಡು ಕೂರಬೇಡಿ. ಮನೆಯಲ್ಲಿ ಬಿಚ್ಚಿ ರಿಪೇರಿ ಮಾಡುವುದು ಬೇಡ.

ಮೊದಲ ದಿನಗಳು

ಮಿಷನ್ ಹಾಕಿದ ಮೊದಲ ದಿನ ಬಹಳ ಜನ ಬೇಸರಪಡುತ್ತಾರೆ. ನಮ್ಮ ಮಾತೇ ನಮಗೆ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ. ಪಾತ್ರೆ ಸದ್ದು, ಒಗ್ಗರಣೆ ಸದ್ದು, ಹೆಂಚಿನ ಮೇಲಿನ ಮಳೆ ಎಲ್ಲಾ ಜೋರು. "ಥೂ, ಇದರ ಸಹವಾಸವೇ ಬೇಡ" ಎಂದು ಪೆಟ್ಟಿಗೆಗೆ ಹಾಕಿಬಿಡ್ತಾರೆ. ಹಾಗೆ ಮಾಡಬೇಡಿ. ಆ ಸದ್ದು ಮೊದಲೂ ಇತ್ತು, ನಮಗೆ ಕೇಳುತ್ತಿರಲಿಲ್ಲ ಅಷ್ಟೇ.

ಮೊದಲು ಮನೆಯಲ್ಲಿ, ಒಬ್ಬರ ಜೊತೆ ಮಾತಾಡುವಾಗ, ಒಂದೆರಡು ಗಂಟೆ ಹಾಕಿ. ದಿನ ದಿನಕ್ಕೆ ಸ್ವಲ್ಪ ಹೆಚ್ಚಿಸಿ. ಆಮೇಲೆ ಅಂಗಡಿಗೆ, ಸಂತೆಗೆ ಹಾಕಿಕೊಂಡು ಹೋಗಿ. ಕೆಲವು ವಾರದಲ್ಲಿ ರೂಢಿಯಾಗುತ್ತದೆ. ಅಕ್ಷರ ಕಲಿತ ಮೊದಲ ದಿನ ನೆನಪಿದೆಯಾ? "ಅ" ಬರೆಯಲು ಕೈ ಎಷ್ಟು ನಡುಗಿತ್ತು! ಇದೂ ಹಾಗೆಯೇ.

ಮಿಷನ್ ಹಾಕಿದರೆ ಹದಿನೆಂಟರ ಕಿವಿ ಬರುವುದಿಲ್ಲ. ಗದ್ದಲದಲ್ಲಿ ಕಷ್ಟವಾಗುತ್ತದೆ. ಅದಕ್ಕೆ ಮನೆಯವರಿಗೂ ಒಂದು ಮಾತು. ಒಳಮನೆಯಿಂದ ಕೂಗಬೇಡಿ. ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನವಾಗಿ ಹೇಳಿ. ಅರಚಬೇಡಿ. ಕೇಳದಿದ್ದರೆ ಬೇರೆ ಮಾತಿನಲ್ಲಿ ಹೇಳಿ. "ಹೋಗ್ಲಿ ಬಿಡು" ಮಾತ್ರ ಅನ್ನಬೇಡಿ.

ಇಷ್ಟು ಹೇಳಿ ಮುಗಿಸುತ್ತೇನೆ. ನಿಮ್ಮ ಬೀದಿಯಲ್ಲಿ, ಲೈನ್ ಮನೆಯಲ್ಲಿ, ಮೂಲೆಯಲ್ಲಿ ಸುಮ್ಮನೆ ಕೂತ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. ಈ ಪಾಠವನ್ನು ಅವರ ಹತ್ತಿರ ಕೂತು ಗಟ್ಟಿಯಾಗಿ ಓದಿ. ಮುಂದಿನ ವಾರ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ನೆನಪಿಡಿ

ಮೊದಲು ಪರೀಕ್ಷೆ, ಆಮೇಲೆ ಮಿಷನ್.
ಕೆಂಪು ಬಲಕ್ಕೆ, ನೀಲಿ ಎಡಕ್ಕೆ.
ರಾತ್ರಿ ಒಣ ಡಬ್ಬಿಯಲ್ಲಿ, ಬೆಳಿಗ್ಗೆ ಒಣಬಟ್ಟೆಯಲ್ಲಿ.
ನೀರು, ಎಣ್ಣೆ, ಒಲೆ ಮೂರೂ ದೂರ.
ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು.

ಓದಿ, ಉತ್ತರ ಹೇಳಿ

1. ಅತ್ತೆಯ ಮಿಷನ್ ಸೊಸೆಗೆ ಏಕೆ ಆಗುವುದಿಲ್ಲ?
2. ಮಗು ಬ್ಯಾಟರಿ ನುಂಗಿದರೆ ಏನು ಮಾಡಬೇಕು?
3. ಮಳೆಗಾಲದಲ್ಲಿ ಮಿಷನ್ನನ್ನು ಹೇಗೆ ಕಾಪಾಡಬೇಕು?
4. ನಿಮ್ಮ ಊರಿನಲ್ಲಿ ಕಿವಿ ಮಂದವಾದವರು ಯಾರಿದ್ದಾರೆ? ಅವರಿಗೆ ನೀವು ಏನು ಹೇಳುತ್ತೀರಿ? ಎರಡು ಸಾಲು ಬರೆಯಿರಿ.