ರಾತ್ರಿ ಜಾಗರವೂ ನಿದ್ರೆಯೂ



ಆಹಾರ, ನಿದ್ರೆ, ಬ್ರಹ್ಮಚರ್ಯಗಳು ಶರೀರದ ಮೂರು ಉಪಸ್ತಂಭಗಳೆಂದು ಚರಕಾಚಾರ್ಯರು ಹೇಳಿರುವರು. ತಿಕೋಟಾ, ಬಬಲೇಶ್ವರ ಸೀಮೆಯ ರೈತನು ಇವುಗಳಲ್ಲಿ ಮೊದಲು ಕಳೆದುಕೊಳ್ಳುವುದು ನಿದ್ರೆಯನ್ನೇ. ಪಂಪಿಗೆ ವಿದ್ಯುತ್ತು ರಾತ್ರಿ ಬಂದರೆ ದ್ರಾಕ್ಷಿಯ ತೋಟಕ್ಕೆ ನೀರುಣಿಸಲು ರಾತ್ರಿಯೇ ಏಳಬೇಕು. ಬೆಳಗಾದ ಮೇಲೆ ಹೊಟ್ಟೆ ತುಂಬ ರೊಟ್ಟಿಯುಂಡು ಮಧ್ಯಾಹ್ನದವರೆಗೂ ಮಲಗುವುದುಂಟು. ಈ ಕ್ರಮವು ಸರಿಯಲ್ಲ. ಜಾಗರವಾದ ಹೊತ್ತಿನ ಅರ್ಧದಷ್ಟನ್ನು ಮುಂಜಾನೆಯೇ, ಉಣ್ಣುವುದಕ್ಕೆ ಮುಂಚೆ, ಮಲಗಿ ಕಳೆಯತಕ್ಕದ್ದೆಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸಿರುತ್ತದೆ. ನಾಲ್ಕು ತಾಸು ಎಚ್ಚರವಿದ್ದವನಿಗೆ ಎರಡು ತಾಸು ಸಾಕು. ಅದಕ್ಕೂ ಮೀರಿದರೆ ಮರುರಾತ್ರಿಯ ನಿದ್ರೆಯೂ ಕೆಡುವುದು.

ಹಗಲುನಿದ್ರೆಯು ಸಾಮಾನ್ಯವಾಗಿ ನಿಷಿದ್ಧವಾದರೂ, ರಾತ್ರಿಗಳು ಕಿರಿದಾದ ಗ್ರೀಷ್ಮದಲ್ಲಿ ಅದಕ್ಕೆ ಶಾಸ್ತ್ರದ ಅನುಮತಿಯುಂಟು. ವಿಜಯಪುರದ ಬೇಸಗೆಯನ್ನು ಉಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಮಲಗುವ ಮುನ್ನ ಅಂಗಾಲಿಗೆ ಎಣ್ಣೆಯನ್ನು ತಿಕ್ಕುವುದು ಹಿತಕರ. ಆದರೆ ಯಾವ ಎಣ್ಣೆ? ಇದು ಕುಸುಬೆಯ ನಾಡು. ಚರಕರಾದರೋ ಸಸ್ಯತೈಲಗಳಲ್ಲಿ ಎಳ್ಳೆಣ್ಣೆಯನ್ನು ಶ್ರೇಷ್ಠವೆಂದೂ ಕುಸುಬೆಯೆಣ್ಣೆಯನ್ನು ಕನಿಷ್ಠವೆಂದೂ ಎಣಿಸಿರುವರು! ಕುಸುಬೆಯು ಒಗ್ಗರಣೆಗಿರಲಿ, ಅಂಗಾಲಿಗೆ ಎಳ್ಳೆಣ್ಣೆಯೇ ಆಗಲಿ.

ನಿದ್ರೆ ಬಾರದವರಿಗೆ ಎಮ್ಮೆಯ ಹಾಲು ಒಳ್ಳೆಯದೆಂದೂ ಅವರೇ ಹೇಳಿರುವರು. ಅದು ಆಕಳ ಹಾಲಿಗಿಂತ ಜಡವಾದುದರಿಂದ ಜಠರಾಗ್ನಿ ಕುಂದಿದವರಿಗೆ ಸಲ್ಲದು. ಗೊರಕೆಯ ನಡುವೆ ಉಸಿರು ಕಟ್ಟುವವರು ಮಾತ್ರ ಎಣ್ಣೆಹಾಲುಗಳನ್ನೇ ನಂಬಿ ಕುಳಿತಿರದೆ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.