ಬಿಟ್ಟ ಬಿಳುಪು

ತೈಲವರ್ಣದಲ್ಲಿ ಬೆಳಕನ್ನು ಬಿಳಿಯ ಬಣ್ಣವಾಗಿ ಮೇಲೆ ಹಚ್ಚಬಹುದು. ಪಾರದರ್ಶಕವಾದ ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಅದನ್ನು ಮೊದಲೇ ಬಿಟ್ಟಿರಬೇಕು. ಒಮ್ಮೆ ಕುಂಚ ಹರಿದ ಮೇಲೆ ಅದು ಪೂರ್ತಿಯಾಗಿ ಮರಳುವುದು ದುರ್ಲಭ.

ತುಂಗೆಯ ದಡದ ಮರಗಳಡಿ ಕುಳಿತು ಬರೆಯುವವನಿಗೆ ಇದು ಸುಲಭವಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎಲೆಗಳ ಸಂದಿನಿಂದ ನೀರಿಗಿಳಿದ ಬಿಸಿಲು ಅಷ್ಟರಲ್ಲಿ ಬೇರೆಡೆಗೆ ಹೋಗಿರುತ್ತದೆ. ಆದುದರಿಂದ ನಾನು ಮೊದಲು ಸೀಸದಕಡ್ಡಿಯಲ್ಲಿ ನೆರಳಿನ ಅಂಚನ್ನು ಗುರುತಿಸುತ್ತೇನೆ. ಬಳಿಕ ಬಿಸಿಲು ಎಲ್ಲಿಗೆ ಸರಿದರೂ ಆ ಗೆರೆಯನ್ನು ಮೀರುವುದಿಲ್ಲ.

ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕೆನಾಲ್‌ಗಳ ನಿಸರ್ಗವನ್ನು ಜಲವರ್ಣದಲ್ಲಿ ಚಿತ್ರಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಆ ಚಿತ್ರಗಳ ಮುಂದೆ ನಿಂತಾಗ, ಹಚ್ಚಿದ ಬಣ್ಣಕ್ಕಿಂತ ಕಾದಿಟ್ಟ ಬೆಳಕೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಅರವತ್ತು ದಾಟಿದ ನನಗೆ ಕಾಡಿನ ನೆರಳಿನ ನೀಲಿ ಹಿಂದಿನಷ್ಟು ದಕ್ಕದು. ಮುಂದೆ ಇನ್ನಷ್ಟು ಮಾಸೀತು. ಆದರೆ ಎಲ್ಲಿ ಬಿಡಬೇಕೆಂಬುದನ್ನು ಹೇಳುವುದು ನೆಳಲು–ಬೆಳಕಿನ ತಾರತಮ್ಯ. ಅದು ಉಳಿದಿರುವಷ್ಟು ಕಾಲ ಹೊಳೆಗೆ ನನ್ನ ಕಾಗದದ ಮೇಲೆ ಹರಿಯಲು ಒಂದಿಷ್ಟು ಬಿಳಿಯ ಜಾಗವನ್ನು ನಾನು ಬಿಟ್ಟೇನು.